ಲೀಗಳ ಮರದಿಂದ ಒಂದು ಎಲೆ ಇಳಿಸಿದ್ದು

ಹೋದ ವಾರ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಿಂದ ಮೇಘನಾ ಫೋನ್ ಮಾಡಿದ್ದಳು. ನಮ್ಮ ಹಳೆಯ ಸ್ನೇಹಿತರ ಮಗಳು. ಚಿಕ್ಕವಳಿದ್ದಾಗ ನಮ್ಮ ಮನೆಯ ಚಕ್ಕುಲಿ ಡಬ್ಬಿಯನ್ನು ಒಬ್ಬಳೇ ಖಾಲಿ ಮಾಡುತ್ತಿದ್ದವಳು.

"ಆಂಟಿ, ನಂಗೆ ಲೈಬ್ರರೀಲಿ ಜಾಬ್ ಆಯ್ತು! ನೀವು ಕೂತ್ಕೋತಿದ್ದ ಅದೇ ಡೆಸ್ಕ್, ಫ್ಯಾಮಿಲಿ ಹಿಸ್ಟರಿ. ಮಂಡೇ ಸ್ಟಾರ್ಟು. ಸ್ವಲ್ಪ ಟಿಪ್ಸ್ ಕೊಡಿ ಆಂಟಿ."

ಟಿಪ್ಸ್ ಅಂತೆ! ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತು ನನ್ನ ಸೊಂಟ ಹೋಗಿದೆ, ಇವಳಿಗೆ ಐದು ನಿಮಿಷದಲ್ಲಿ ಫೋನಿನಲ್ಲೇ ಬೇಕು. "ಬರ್ದು ಕಳಿಸ್ತೀನಿ, ಇಡು" ಎಂದೆ. ಬರೆಯಲು ಕೂತರೆ ಟಿಪ್ಸ್ ಒಂದೂ ನೆನಪಾಗಲಿಲ್ಲ. ನಾನು ಮಾಡಿದ ಎಡವಟ್ಟುಗಳು ಮಾತ್ರ ಸಾಲುಗಟ್ಟಿ ಬಂದು ನಿಂತವು. ಅವನ್ನೇ ಬರೆಯುತ್ತಿದ್ದೇನೆ. ಮೇಘನಾಗೆ ಕನ್ನಡ ಓದಲು ಬರುವುದಿಲ್ಲ, ಅವಳಮ್ಮ ಓದಿ ಹೇಳಲಿ.

ನಮ್ಮದು ಸಿಡ್ನಿಯ ಪಶ್ಚಿಮದ ಕಡೆಯ ಒಂದು ಸಬರ್ಬಿನ ಲೈಬ್ರರಿ. ಮಕ್ಕಳ ಪುಸ್ತಕಗಳ ವಿಭಾಗ ದಾಟಿ, ಟಾಯ್ಲೆಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಮೇಜು, ಹಳೆಯ ದಾಖಲೆಗಳ ಫಿಲ್ಮ್ ಓದುವ ಎರಡು ಮೈಕ್ರೋಫಿಲ್ಮ್ ಯಂತ್ರ, ಒಂದು ಬೀರು. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಟಾಯ್ಲೆಟ್ ಎಲ್ಲಿ ಎಂದು ಕೇಳುವವರು, ಇನ್ನರ್ಧ ಜನ ನಮ್ಮ ಮುತ್ತಜ್ಜ ಯಾರು ಎಂದು ಕೇಳುವವರು. ಮೊದಲನೆಯವರಿಗೆ ಉತ್ತರ ಕೊಡುವುದು ಸುಲಭ, ಅವರು ಥ್ಯಾಂಕ್ಸ್ ಕೂಡ ಹೇಳುತ್ತಾರೆ. ಎರಡನೆಯವರು ಉತ್ತರವನ್ನು ಮನೆಯಿಂದಲೇ ತಂದಿರುತ್ತಾರೆ. ನಾವು ಅದಕ್ಕೊಂದು ದಾಖಲೆ ಹುಡುಕಿ ಕೊಡಬೇಕು, ಅಷ್ಟೆ.

ಕೆಲಸ ಹೇಗೆ ಸಿಕ್ಕಿತು, ಆಮೇಲೆ ಏನೇನು ಬಡ್ತಿ ಬಂತು ಎಂಬುದರಲ್ಲಿ ಯಾವ ಸ್ವಾರಸ್ಯವೂ ಇಲ್ಲ. ಸ್ವಾರಸ್ಯವಿದ್ದದ್ದು ಮೊದಲ ದಿನದ ಬ್ಯಾಡ್ಜಿನಲ್ಲಿ. ಮೈಸೂರಿನಲ್ಲಿದ್ದಾಗ ನನಗೆ ಸರ್‌ನೇಮ್ ಎಂಬುದೇ ಇರಲಿಲ್ಲ. ಈ ದೇಶಕ್ಕೆ ಬರುವಾಗ ಫಾರ್ಮಿನ ಒಂದು ಚೌಕ ಖಾಲಿ ಉಳಿಯಿತು. ಕೌಂಟರಿನಲ್ಲಿದ್ದವನು ಅದನ್ನು ತುಂಬದೆ ಮುಂದಕ್ಕೆ ಹೋಗುವುದಿಲ್ಲ ಎಂದ. ನಮ್ಮವರ ಹೆಸರು ಸಿ. ರಘುನಾಥ. ಆ 'ಸಿ' ಅಂದರೇನು ಎಂದು ಕೇಳಿದ. ಇವರು ಹೇಳಿದರು, ಅವನು ಬರೆದುಕೊಂಡ. ಹಾಗೆ ನಾನು ವಸಂತಾ ಚಿಕ್ಕತಿಮ್ಮನಹಳ್ಳಿ ಆದೆ. ನಮ್ಮವರು ಆ ಊರನ್ನು ಜನ್ಮದಲ್ಲಿ ನೋಡಿದವರಲ್ಲ. ಅವರಜ್ಜ ಹುಡುಗರಾಗಿದ್ದಾಗಲೇ ಬಿಟ್ಟುಬಂದ ಊರು ಅದು. ಲೈಬ್ರರಿಯವರು ಮಾಡಿಸಿದ ಬ್ಯಾಡ್ಜಿನಲ್ಲಿ 'ಚಿಕ್ಕತಿಮ್ಮ'ನವರೆಗೆ ಮಾತ್ರ ಹಿಡಿಯಿತು, ಹಳ್ಳಿ ಹೊರಗೆ ಉಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಆಸ್ಟ್ರೇಲಿಯಾದ ಒಬ್ಬ ಗಿರಾಕಿಯೂ ನನ್ನ ಹೆಸರನ್ನು ಪೂರ್ತಿ ಹೇಳಲಿಲ್ಲ. ಎಲ್ಲರಿಗೂ ನಾನು 'ವ್ಯಾಸ್'.

ನನ್ನ ಮೇಲಧಿಕಾರಿ ಮಾರ್ಗರೆಟ್. ಆಕೆ ಮೈಕ್ರೋಫಿಲ್ಮ್ ಸುತ್ತುವಾಗಲೂ ಸ್ವೆಟರ್ ಹೆಣೆಯುವ ಕಡ್ಡಿ ಕೆಳಗಿಡುತ್ತಿರಲಿಲ್ಲ. ನನಗೆ ಕಲಿಸಿದ್ದು ಒಂದೇ ಪಾಠ: ಮೊದಲು ಕೇಳು, ಆಮೇಲೆ ಹುಡುಕು, ಎಲ್ಲ ಆದಮೇಲೆ ಬಾಯಿ ಬಿಡು. ನಾನು ಇದನ್ನು ತಲೆಕೆಳಗಾಗಿಯೇ ಪಾಲಿಸಿದೆ.

ಚೀನಾದ ಲೀ ಎಂಬ ಮನೆತನ ನನಗೆ ಗಂಟುಬಿದ್ದದ್ದು ಕಾಲಿನ್ ಲೀ ಎಂಬ ನಿವೃತ್ತ ಬಸ್ ಡ್ರೈವರನಿಂದ. ಆರಡಿ ಆಳು, ಕೆಂಪು ಮುಖ, ಮುಖದ ತುಂಬ ಕಂದು ಚುಕ್ಕೆ. ತಾನು ಇಂಗ್ಲೆಂಡಿನ ಯಾವನೋ ಜಮೀನ್ದಾರನ ವಂಶ ಎಂದು ನಂಬಿಕೊಂಡು ಬಂದಿದ್ದ. ಮೂರು ಗುರುವಾರ ಫಿಲ್ಮ್ ತಿರುಗಿಸಿದ ಮೇಲೆ ಅವನ ಮುತ್ತಜ್ಜ ಸಿಕ್ಕ: ದಕ್ಷಿಣ ಚೀನಾದಿಂದ ಚಿನ್ನ ಹುಡುಕಲು ಬಂದು, ಚಿನ್ನ ಸಿಗದೆ, ಕೋಸು ಬೆಳೆದು ಮಾರಿದವನು. ನಾನು ಮಾರ್ಗರೆಟ್‌ಳ ಪಾಠ ಮರೆತು, "ನೀನು ಚೀನಾದವನು ಕಣಪ್ಪಾ!" ಎಂದು ಕೂಗಿಯೇಬಿಟ್ಟೆ. ಮಕ್ಕಳ ವಿಭಾಗದಲ್ಲಿ ಕಥೆ ಹೇಳುವುದು ನಿಂತಿತು. ಕಾಲಿನ್ ತನ್ನ ಕೈಯ ಮೇಲಿನ ಚುಕ್ಕೆಗಳನ್ನು ನೋಡಿಕೊಂಡ. ಎದ್ದು ಹೋದ. ಮುಗಿಯಿತು, ದೂರು ಬರುತ್ತದೆ ಎಂದು ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಮರುದಿನ ಬಂದು, "ವ್ಯಾಸ್, ಎಲ್ಲಿಂದ ಶುರು ಮಾಡ್ಲಿ?" ಎಂದ. ಊಟದಿಂದ ಶುರು ಮಾಡು ಎಂದೆ. ಆರು ತಿಂಗಳಲ್ಲಿ ಚೀನೀ ಊಟದ ಕಡ್ಡಿ ಹಿಡಿದು ಒಂದೊಂದೇ ಕಡಲೆಕಾಯಿ ಬೀಜ ತಿನ್ನುವಷ್ಟು ಪಳಗಿದ.

ಆಗಲೇ ನನಗೆ ಒಂದು ವಿಷಯ ಕಣ್ಣಿಗೆ ಬಿದ್ದದ್ದು. ಆ ಕಾಲದ ರಿಜಿಸ್ಟರಿನಲ್ಲಿ ಎಷ್ಟೋ ಚೀನೀಯರ ಮನೆತನ 'ಆ' ಎಂದಿದೆ. ಆ ಕಡೆಯವರು ಸಲಿಗೆಯಿಂದ ಕರೆಯುವಾಗ ಹೆಸರಿಗೆ ಮೊದಲು 'ಆ' ಸೇರಿಸುತ್ತಾರೆ. ಬಂದರಿನ ಗುಮಾಸ್ತ ಅದನ್ನೇ ಮನೆತನ ಎಂದು ಬರೆದುಕೊಂಡ. ನಮ್ಮಲ್ಲಿ 'ಲೋ ರಾಮ' ಎಂದು ಕರೆದದ್ದು ಕೇಳಿಸಿಕೊಂಡು 'ಲೋ' ಮನೆತನದ ರಾಮ ಎಂದು ಬರೆದ ಹಾಗೆ. ಗುಮಾಸ್ತ ಬರೆದದ್ದೇ ಹೆಸರು. ಇದನ್ನು ನಾನು ಆವತ್ತು ಸರಿಯಾಗಿ ತಲೆಗೆ ಹಾಕಿಕೊಂಡಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲ.

ಅನಾಹುತವಾದದ್ದು ನಿವೃತ್ತಿಗೆ ಎರಡು ವರ್ಷ ಮುಂಚೆ. ಅಷ್ಟರಲ್ಲಿ ಮೈಕ್ರೋಫಿಲ್ಮ್ ಹೋಗಿ ಕಂಪ್ಯೂಟರ್ ಬಂದಿತ್ತು. ಹತ್ತು ದಿನ ಹುಡುಕುತ್ತಿದ್ದದ್ದನ್ನು ಜನ ಹತ್ತು ನಿಮಿಷದಲ್ಲಿ ಹುಡುಕಿಕೊಂಡು, ಹತ್ತು ದಿನ ನನ್ನೊಡನೆ ಜಗಳವಾಡುತ್ತಿದ್ದರು. ಮೇಜಿಗೆ ಬರುವವರು ಕಡಿಮೆಯಾದರೆಂದು ನಾನೊಂದು 'ಲೀ ದಿನ' ಮಾಡೋಣ ಎಂದೆ. ಸಿಡ್ನಿಯಲ್ಲಿ ಲೀಗಳಿಗೇನು ಬರವೇ! ಹಾಂಗ್‌ಕಾಂಗ್‌ನ ಲೀ, ಮಲೇಷ್ಯಾದ ಲೀ, ವಿಯೆಟ್ನಾಮಿನ ಲೀ, ಕೊರಿಯಾದ ಲೀ, ಕೋಸಿನ ಕಾಲಿನ್ ಲೀ. ಎಲ್ಲರನ್ನೂ ಒಂದು ಭಾನುವಾರ ಕರೆದು, ಗೋಡೆಯ ಮೇಲೆ ದೊಡ್ಡ ಮರದ ಚಿತ್ರ ಬರೆದು, ಒಬ್ಬೊಬ್ಬರ ಹೆಸರನ್ನೂ ಹಸಿರು ಕಾಗದದ ಎಲೆಯ ಮೇಲೆ ಬರೆಸಿ ಅಂಟಿಸುವುದು.

ಮಾರ್ಗರೆಟ್ ರಜೆಯ ಮೇಲೆ ಹೋಗುವ ಮುಂಚೆ ಹೆಣಿಗೆಯ ಕಡ್ಡಿ ತೋರಿಸಿ ಕೇಳಿದಳು, "ಇವರೆಲ್ಲ ಒಂದೇ ಮರ ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ?"

ಸಾಕ್ಷಿ ಯಾಕೆ ಬೇಕು? ನಾನು ಮೈಸೂರಿನವಳು. ನಮ್ಮ ಲೆಕ್ಕ ಸರಳ: ಮೇಲೆ ಒಬ್ಬ ಋಷಿ, ಕೆಳಗೆ ಅವನ ಗೋತ್ರದ ನಾವೆಲ್ಲ. ಗೋತ್ರ ಒಂದೇ ಎಂದರೆ ಮೂಲ ಒಂದೇ, ನಾವೆಲ್ಲ ಅಣ್ಣ ತಂಗಿಯರು. ಲೀ ಎಂದರೂ ಹಾಗೇ ಎಂದುಕೊಂಡೆ. ಮರದ ಬುಡದಲ್ಲಿ ಗಡ್ಡದ ಮುದುಕನೊಬ್ಬನನ್ನು ಬರೆದೆ. ನೋಡಿದವರು ಚೀನೀ ಮುದುಕನಿಗೆ ವಿಭೂತಿ ಯಾಕಿದೆ ಎಂದು ಕೇಳಿದರು, ಅದು ಹಣೆಯ ಸುಕ್ಕು ಎಂದೆ. ಮೇಲೆ ದಪ್ಪಕ್ಷರದಲ್ಲಿ 'ನಾವೆಲ್ಲ ಒಂದೇ ಮನೆ' ಎಂದು ಬರೆದೆ. ಕಾಲಿನ್ ಏಣಿ ಹಿಡಿದುಕೊಂಡ. ಯಾರ ಎಲೆ ಯಾವ ಕೊಂಬೆಗೆ ಎಂಬುದನ್ನು ನಾನೇ ನಿರ್ಧರಿಸಿದೆ. ಮರದ ಎಡಗಡೆ ಬೋಳಾಗಿ ಕಾಣುತ್ತಿತ್ತು, ತಡವಾಗಿ ಬಂದವರನ್ನೆಲ್ಲ ಅಲ್ಲಿಗೆ ತುಂಬಿದೆ.

ನಮ್ಮಲ್ಲಿ ಗ್ರೇಸ್ ಲೀ ಎಂಬ ಹುಡುಗಿ ಶನಿವಾರ ಭಾನುವಾರ ಸಹಾಯಕ್ಕೆ ಬರುತ್ತಿದ್ದಳು. ವೃತ್ತಿಯಲ್ಲಿ ನರ್ಸ್. ಅವಳಪ್ಪ ಅಮ್ಮ ಇಬ್ಬರೂ ಶಿಫ್ಟಿನಲ್ಲಿ ದುಡಿಯುತ್ತಿದ್ದರಿಂದ ಅವಳನ್ನು ಸಾಕಿದವರು ಅಪ್ಪನ ತಾಯಿ, ಮಲೇಷ್ಯಾದ ಇಪೋ ಊರಿನ ಎಂಬತ್ತು ದಾಟಿದ ಅಜ್ಜಿ. ಆವತ್ತು ಆ ಅಜ್ಜಿಯೂ ಬಂದಿದ್ದರು. ಜೊತೆಗೆ ಮೆಲ್ಬೋರ್ನ್‌ನಿಂದ ಡ್ಯಾನಿ ಎಂಬ ಹುಡುಗ ಬಂದಿದ್ದ. ಗ್ರೇಸ್ ಅವನನ್ನು ಫ್ರೆಂಡ್ ಎಂದು ಪರಿಚಯಿಸಿದ್ದಳು. ಅವನೂ ತನ್ನ ಹೆಸರು ಬರೆದು ಎಲೆ ಕೊಟ್ಟ. ನೋಡಿದರೆ, ಡ್ಯಾನಿಯೂ ಲೀಯೇ! ನನಗೆ ಖುಷಿಯೋ ಖುಷಿ. ಇಬ್ಬರ ಎಲೆಯನ್ನೂ ಒಂದೇ ಕೊಂಬೆಯಲ್ಲಿ, ಪಕ್ಕಪಕ್ಕದಲ್ಲಿ ಅಂಟಿಸಿ, ಟೀ ಕುಡಿಯುತ್ತ ಕೂತಿದ್ದ ಅಜ್ಜಿಯನ್ನು ಕೈಹಿಡಿದು ಕರೆತಂದೆ.

"ನೋಡಿ ಅಜ್ಜಿ, ನಿಮ್ಮ ಗ್ರೇಸ್, ಈ ಡ್ಯಾನಿ, ಇಬ್ರೂ ಒಂದೇ ಕೊಂಬೆ! ಅಣ್ಣ ತಂಗಿ ಇದ್ದ ಹಾಗೆ!"

ಅಜ್ಜಿ ಕನ್ನಡಕ ಏರಿಸಿ ಗೋಡೆ ನೋಡಿದರು. ಡ್ಯಾನಿಯನ್ನು ನೋಡಿದರು. ಗ್ರೇಸ್ ಮುಖ ಬಿಳಿಚಿಕೊಂಡಿತು. ಅಜ್ಜಿ ಟೀ ಕಪ್ಪನ್ನು ನನ್ನ ಕೈಗೆ ಕೊಟ್ಟು, ಕೋಲು ತೆಗೆದುಕೊಂಡು ಹೊರಟುಹೋದರು.

ಆಮೇಲೆ ಗ್ರೇಸ್ ಬೀರುವಿನ ಹಿಂದೆ ನಿಂತು ಅಳುತ್ತ ಹೇಳಿದಳು. ಅವರಿಬ್ಬರಿಗೂ ಮದುವೆ ಗೊತ್ತಾಗಿದೆ. ನಾಲ್ಕು ತಿಂಗಳಿದೆ. ಹುಡುಗ ಅಜ್ಜಿಗೂ ಇಷ್ಟವಾಗಿದ್ದ. ಆದರೆ ಅವನ ಮನೆತನವೂ ಲೀ ಎಂಬುದನ್ನು ಮಾತ್ರ ಒಂದೂವರೆ ವರ್ಷದಿಂದ ಮುಚ್ಚಿಟ್ಟಿದ್ದರು. ಯಾಕೆಂದರೆ ಹಳೆಯ ಚೀನೀ ಮನೆಗಳಲ್ಲಿ ಒಂದೇ ಮನೆತನದ ಹೆಸರಿನವರು ಮದುವೆಯಾಗುವಂತಿಲ್ಲ. ನಿಧಾನವಾಗಿ, ಒಳ್ಳೆಯ ಸಮಯ ನೋಡಿ ಹೇಳೋಣ ಎಂದಿದ್ದರು. ಅಷ್ಟೊಂದು ಎಲೆಗಳ ನಡುವೆ ತನ್ನದೊಂದು ಅಜ್ಜಿಯ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡು ಡ್ಯಾನಿ ಎಲೆ ಬರೆದುಕೊಟ್ಟಿದ್ದ. ನಾನು ಗೋಡೆಯ ಮೇಲೆ ಬರೆದು, ಅಣ್ಣ ತಂಗಿ ಎಂದು ಸಾರಿ, ಕೈಹಿಡಿದು ತೋರಿಸಿದ್ದೆ.

"ಅಜ್ಜಿ ಬರದೆ ಇದ್ರೆ ನಾನು ಮದ್ವೆ ಆಗಲ್ಲ ವ್ಯಾಸ್. ನನ್ನ ಬೆಳ್ಸಿದ್ದೇ ಅವ್ರು" ಎಂದಳು. ಅಯ್ಯೋ ಶಿವನೇ, ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬಾಯಿ ಬಿಟ್ಟವಳು ನಾನಾಗಿದ್ದೆ.

ಮನೆಗೆ ಬಂದು ನಮ್ಮವರಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, "ನಿಂಗೆ ಇದರ ಬಗ್ಗೆ ಗೊತ್ತಿರ್ಬೇಕಿತ್ತಲ್ಲೇ, ಬೇರೆ ಯಾರಿಗೆ ಗೊತ್ತಿಲ್ದೆ ಇದ್ರೂ" ಎಂದರು. ಅವರು ಯಾಕೆ ಹಾಗೆಂದರು ಎಂಬುದನ್ನು ಮುಂದೆ ಹೇಳುತ್ತೇನೆ. ಆವತ್ತು ಮಾತ್ರ ನನಗೆ ಸಿಟ್ಟು ಬಂದು, ಅವರ ಕಾಫಿಗೆ ಸಕ್ಕರೆ ಹಾಕಲಿಲ್ಲ.

ರಜೆ ಮುಗಿಸಿ ಬಂದ ಮಾರ್ಗರೆಟ್ ಬೈಯಲಿಲ್ಲ. ಮರ ನೋಡಿದಳು, ಮುದುಕನನ್ನು ನೋಡಿದಳು, "ಈಗಲಾದ್ರೂ ಹುಡುಕು" ಎಂದಳು. ಹುಡುಕಿದೆ. ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಲೀ ಎಂಬುದು ಒಂದು ಮರವೇ ಅಲ್ಲ ಎಂದು ಒಂದೇ ವಾರದಲ್ಲಿ ಗೊತ್ತಾಯಿತು. ಅದು ಸಾವಿರ ವರ್ಷಕ್ಕೂ ಹಿಂದೆ ಚೀನಾ ಆಳಿದ ತಾಂಗ್ ಚಕ್ರವರ್ತಿಗಳ ಮನೆತನ. ಅವರು ತಮಗಾಗಿ ಯುದ್ಧ ಗೆದ್ದ ಪರದೇಶಿ ದಂಡನಾಯಕರಿಗೆ ಶಾಲು ಹೊದಿಸಿದ ಹಾಗೆ ಮನೆತನದ ಹೆಸರನ್ನೇ ಹೊದಿಸಿ ಕಳಿಸುತ್ತಿದ್ದರು. ಕುದುರೆ ಮೇಲೆ ಬಂದ ತುರ್ಕರ ನಾಯಕ ಮನೆಗೆ ಹೋಗುವಾಗ ಲೀ ಆಗಿ ಹೋಗುತ್ತಿದ್ದ. ಮತ್ತೆ ಕೆಲವರು ಸಾಮ್ರಾಜ್ಯದ ಅಂಚಿನಲ್ಲಿದ್ದವರು, ಊರಿನವರ ನಡುವೆ ಎದ್ದು ಕಾಣಬಾರದೆಂದು ತಾವೇ ಲೀ ಎಂದುಕೊಂಡರು. ಗುಡ್ಡಗಾಡಿನ ಜನರಿಗೆ ಸರ್ಕಾರದ ಪಟ್ಟಿ ಬರೆಯಲು ಹೋದವರು ಆ ಹೆಸರು ಕೊಟ್ಟರು. ಒಂದೇ ಹೆಸರಿಗೆ ಹತ್ತು ದಾರಿ.

ಡ್ಯಾನಿಯ ದಾರಿ ಯಾವುದು ಎಂದು ಕೇಳಲು ಮೆಲ್ಬೋರ್ನ್‌ಗೆ ಹೋದೆ. ಅವನಪ್ಪನಿಗೆ ಅಲ್ಲಿನ ಕ್ರಾನ್‌ಬರ್ನ್‌ನಲ್ಲಿ ಗಿಡಗಳ ನರ್ಸರಿ. ಚೀನಾದ ಯುನ್ನಾನ್ ಪ್ರಾಂತ್ಯದ ಗುಡ್ಡದ ಕಡೆಯವರು, ಲಾಹು ಎಂಬ ಸಣ್ಣ ಜನಾಂಗ. ಗುಂಡುಗುಂಡಾದ ಮನುಷ್ಯ, ಕುಂಡಗಳ ನಡುವೆ ಸ್ಟೂಲ್ ಹಾಕಿ ಕೂರಿಸಿ, ಒಂದು ಲೋಟ ಟೀ ಕೊಟ್ಟು, ಕಥೆ ಹೇಳಿದರು.

"ನಮ್ಮಲ್ಲಿ ಮನೆತನದ ಹೆಸರೇ ಇರಲಿಲ್ಲ ಮೇಡಂ. ಬರೀ ಹೆಸರು. ನಮ್ಮಜ್ಜನ ಅಜ್ಜನ ಕಾಲದಲ್ಲಿ ಕೆಳಗಿನಿಂದ ಒಬ್ಬ ಗುಮಾಸ್ತ ಬಂದ. ಪಟ್ಟಿ ಬರೀಬೇಕು, ಒಂದು ಕಡೆ ಖಾಲಿ ಬಿಡೋ ಹಾಗಿಲ್ಲ ಅಂದ. ಏನು ಬರೀತೀಯೋ ಬರ್ಕೊಳಪ್ಪ ಅಂದ್ರು ನಮ್ಮೋರು. ಮೇಲಿನ ಸಾಲಿನ ಮನೆಯವರಿಗೆಲ್ಲ ಜಾಂಗ್, ಕೆಳಗಿನ ಸಾಲಿಗೆಲ್ಲ ಲೀ. ಅವತ್ತು ಅವನ ಚೀಲದಲ್ಲಿ ಎರಡೇ ಹೆಸರಿತ್ತು ಅಂತ ನಮ್ಮಜ್ಜ ನಗೋರು."

"ನನ್ನ ಫಾರ್ಮಿನಲ್ಲೂ ಹಾಗೇ ಆಯ್ತು" ಎಂದೆ. ನನ್ನ ಹೆಸರು ಹುಟ್ಟಿದ ಕಥೆ ಹೇಳಿದೆ. ಆತ ಹೊಟ್ಟೆ ಹಿಡಿದುಕೊಂಡು ನಕ್ಕು, ನನಗೊಂದು ಮೆಣಸಿನ ಗಿಡ ಕೊಟ್ಟರು. ಅದನ್ನು ವಿಮಾನದಲ್ಲಿ ತರಲು ಬಿಡುವುದಿಲ್ಲ ಎಂದು ಅಲ್ಲೇ ಬಿಟ್ಟು ಬಂದೆ. ಈಗ ಮಗಳ ಮನೆಯ ಹತ್ತಿರವೆಂದು ನಾವೂ ಕ್ರಾನ್‌ಬರ್ನ್‌ಗೇ ಬಂದಿದ್ದೇವೆ. ಗಿಡ ನಮ್ಮ ಹಿತ್ತಿಲಲ್ಲಿದೆ, ಒಂದು ಕಾಯಿ ತಿಂದರೆ ಸಂಜೆಯವರೆಗೆ ಮಾತು ಹೊರಡುವುದಿಲ್ಲ.

ಸಾಕ್ಷಿ ಸಿಕ್ಕಿತಲ್ಲ, ಕಾಗದಗಳ ಕಟ್ಟು ಹಿಡಿದು ಗ್ರೇಸ್ ಜೊತೆ ಅಜ್ಜಿಯ ಮನೆಗೆ ಹೋದೆ. ಇಪೋ ಊರಿನಲ್ಲಿ ಅಜ್ಜಿಯ ಅಕ್ಕಪಕ್ಕದವರೆಲ್ಲ ತಮಿಳರಂತೆ. ನನ್ನೊಡನೆ ಇಂಗ್ಲಿಷಿನಲ್ಲಿ, ನಡುನಡುವೆ ಎರಡು ತಮಿಳು ಪದ ಹಾಕಿ ಮಾತಾಡುತ್ತಿದ್ದರು. ನಾನು ಚಕ್ರವರ್ತಿಯಿಂದ ಶುರು ಮಾಡಿ ಗುಮಾಸ್ತನವರೆಗೆ ಹೇಳಿದೆ. ಗ್ರೇಸ್ ಒಂದು ಪೆಟ್ಟಿಗೆ ತಂದಿದ್ದಳು. ಅದರಲ್ಲೊಂದು ಕೊಳವೆ, ಅದಕ್ಕೆ ಉಗುಳಿ ಪೋಸ್ಟ್ ಮಾಡಿದರೆ ಯಾರು ಯಾರಿಗೆ ನೆಂಟರು ಎಂದು ತಿಳಿಸುತ್ತಾರೆ. ನಮ್ಮ ಕೆಲಸದಲ್ಲಿ ಬಂದ ಕೊನೆಯ ಹೊಸ ಪದ್ಧತಿ ಅದು.

ಅಜ್ಜಿ ಕೊಳವೆಯನ್ನು ಬೆರಳ ತುದಿಯಲ್ಲಿ ದೂರ ತಳ್ಳಿದರು. "ಎಂಜಲು ನೋಡಿ ಸಂಬಂಧ ಹೇಳ್ತಾರಾ?" ಮನಸ್ಸಿನೊಳಗೆ ನಾನು ಅಜ್ಜಿಯ ಪಕ್ಷವೇ. ಬಾಯಿಗೆ ಬೀಗ ಹಾಕಿಕೊಂಡೆ.

ಕಾಗದಗಳನ್ನೂ ಅಜ್ಜಿ ಮುಟ್ಟಲಿಲ್ಲ. "ಹೆಸರು ಯಾರು ಕೊಟ್ರೆ ಏನು? ಚಕ್ರವರ್ತಿ ಕೊಟ್ರೂ ಹೆಸರು, ಗುಮಾಸ್ತ ಕೊಟ್ರೂ ಹೆಸರು. ಆ ಹುಡುಗ ಊದುಬತ್ತಿ ಹಚ್ಚಿ ನಿಂತಾಗ ಲೀ ಅಂತಾನೆ. ನನ್ನ ಮೊಮ್ಮಗಳೂ ಲೀ ಅಂತಾಳೆ. ಹಿರಿಯರು ನಿನ್ನ ಲೈಬ್ರರಿಗೆ ಬಂದು ಓದ್ತಾರಾ?"

ಇದೇ ಮಾತನ್ನು ಹೆಚ್ಚುಕಡಿಮೆ ಇದೇ ದನಿಯಲ್ಲಿ ನನ್ನ ಅತ್ತೆ ಆಡಿದ್ದರು. ನಮ್ಮವರು ಪೇಪರಿನ ಹಿಂದಿನಿಂದ ಹೇಳಿದ್ದು ಅದನ್ನೇ. ಇಪ್ಪತ್ತು ವರ್ಷ ಊರವರ ವಂಶವನ್ನೆಲ್ಲ ಕೆದಕಿದ ನಾನು ನನ್ನದನ್ನು ಆ ಮೇಜಿನಲ್ಲಿ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಕಾಗದದ ಕಟ್ಟನ್ನು ಬದಿಗಿಟ್ಟು ಹೇಳಿದೆ.

"ಅಜ್ಜಿ, ನಾನೂ ನನ್ನ ಗಂಡನೂ ಒಂದೇ ಗೋತ್ರ. ಭಾರದ್ವಾಜ. ನಮ್ಮಲ್ಲೂ ಹಾಗೆ ಮದುವೆ ಆಗೋ ಹಾಗಿಲ್ಲ. ಲಗ್ನಪತ್ರಿಕೆ ಬರೆಯೋಕೆ ಕೂತಾಗ ಪುರೋಹಿತರು ಕಂಡುಹಿಡಿದ್ರು. ನಮ್ಮತ್ತೆ ಎದ್ದುಹೋದ್ರು."

ಅಜ್ಜಿ ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿದರು. "ಆಮೇಲೆ?"

"ಆಮೇಲೆ ನನ್ನ ಸೋದರಮಾವ ನನ್ನ ದತ್ತು ತಗೊಂಡ್ರು. ಅವರ ಗೋತ್ರ ಬೇರೆ. ದತ್ತು ಅಂದ್ರೆ ಮಗು ಅಪ್ಪನ ತೊಡೆ ಮೇಲೆ ಕೂರಬೇಕು. ನನಗೆ ಇಪ್ಪತ್ನಾಲ್ಕು ವರ್ಷ, ಚೆನ್ನಾಗಿ ಊಟ ಮಾಡ್ತಿದ್ದೆ. ಅವರಿಗೆ ಮಂಡಿ ನೋವು. ಪುರೋಹಿತರ ಮಂತ್ರ ಮುಗೀತಾನೇ ಇಲ್ಲ. ಮಾವ ಕಣ್ಣಲ್ಲಿ ನೀರು ತುಂಬ್ಕೊಂಡು ಕೂತಿದ್ರು. ನೋಡಿದವರು ಮಗಳ ಮೇಲಿನ ಪ್ರೀತಿ ಅಂದ್ಕೊಂಡ್ರು."

ಅಜ್ಜಿ ನಕ್ಕರು. ನಕ್ಕು ನಕ್ಕು ಕೆಮ್ಮು ಬಂದು, ಗ್ರೇಸ್ ನೀರು ತಂದು ಕೊಟ್ಟಳು. ಬಾಯಿ ಒರೆಸಿಕೊಂಡು ಗಂಭೀರವಾಗಿ ಕೇಳಿದರು, "ಮದುವೆ ಆದಮೇಲೆ? ಅಲ್ಲಿಗೆ ಮುಗೀತಾ?"

"ಇಲ್ಲ ಅಜ್ಜಿ. ಮಾವ ಇರೋವರೆಗೂ ಪ್ರತಿ ಗೌರಿ ಹಬ್ಬಕ್ಕೆ ತವರಿನ ಬಾಗಿನ ಅವರ ಮನೆಯಿಂದಾನೇ ಬರ್ತಿತ್ತು. ಈ ದೇಶಕ್ಕೆ ಬಂದಮೇಲೂ ಪಾರ್ಸಲ್ ಮಾಡೋರು. ಬಳೆ ಎಲ್ಲ ಒಡೆದು ಬರ್ತಿತ್ತು. ಆದ್ರೂ ಕಳಿಸೋರು." ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಮಾವನ ನೆನಪಾಗಿ ಹಾಗೆ ಬೇರೆಯವರ ಮನೆಯಲ್ಲಿ ಅತ್ತದ್ದು ಅದೇ ಮೊದಲು.

ಅಜ್ಜಿ ಕೋಲಿನಿಂದ ನೆಲ ಕುಟ್ಟಿದರು. "ನಮ್ಮಲ್ಲೂ ಇದೆ. ಬೇರೆ ಮನೆಯವರು ಮಗು ಅಂತ ಒಪ್ಕೊಳ್ಳೋದು. ಟೀ ಕೊಡ್ಬೇಕು, ಬಗ್ಗಬೇಕು. ತಾಯಿ ಆದೋಳು ಬಟ್ಟಲು, ಬಟ್ಟೆ ಕೊಡ್ಬೇಕು. ಮದುವೆ ದಿನ ಹುಡುಗ ಆ ಮನೆಯಿಂದ ಬರ್ಲಿ. ಆ ಮನೆ ಹೆಸರು ಹೇಳ್ಕೊಂಡು ಬರ್ಲಿ."

"ತುಂಬಾ ಒಳ್ಳೇದು ಅಜ್ಜಿ! ಯಾರಾದ್ರೂ ಒಳ್ಳೆ ಮನೆಯವರನ್ನ ಹುಡುಕೋಣ" ಎಂದೆ ನಾನು, ಹುಡುಕುವುದು ನನ್ನ ವೃತ್ತಿಯಲ್ಲವೇ.

"ಹುಡುಕೋದೇನು? ಗೋಡೆ ಮೇಲೆ ಅವರಿಬ್ಬರನ್ನ ಅಣ್ಣ ತಂಗಿ ಮಾಡ್ದೋಳು ನೀನು. ಒಂದು ಎಲೆ ನೀನೇ ಕೆಳಗಿಳಿಸು."

ಮನೆಗೆ ಬಂದು ಹೇಳಿದಾಗ ನಮ್ಮವರು ಪೇಪರ್ ಮಡಚಿಟ್ಟರು. "ಅಂದ್ರೆ ಈ ವಯಸ್ಸಲ್ಲಿ ನಮಗೆ ಗಂಡು ಮಗು!" ಎಂದರು. ಆಮೇಲೆ, "ತೊಡೆ ಮೇಲೆ ಕೂರಿಸ್ಕೋಬೇಕಾ? ಹುಡುಗ ಎಷ್ಟು ಕೆಜಿ ಇದಾನೆ?" ಎಂದರು. ಬೇಡವಂತೆ ಎಂದ ಮೇಲೆ ಒಪ್ಪಿದರು. ಕ್ರಾನ್‌ಬರ್ನ್‌ಗೆ ಫೋನ್ ಮಾಡಿ ಡ್ಯಾನಿಯ ಅಪ್ಪನನ್ನು ಕೇಳಿದೆ. "ಒಬ್ಬ ಗುಮಾಸ್ತ ಒಂದು ಹೆಸರು ಕೊಟ್ಟ, ಇನ್ನೊಬ್ಬ ಗುಮಾಸ್ತೆ ಇನ್ನೊಂದು ಕೊಡ್ತಾಳೆ. ನಮಗೇನು, ತಗೋತೀವಿ" ಎಂದು ಆತ ನಕ್ಕರು. ಸರ್ಕಾರದ ಕಾಗದದಲ್ಲಿ ಅವನು ಲೀಯೇ. ಅಜ್ಜಿಯ ಹಿರಿಯರ ಮುಂದೆ ಮಾತ್ರ ನಮ್ಮ ಮನೆಯವನು.

ಆಗ ನಾವಿದ್ದ ಸಿಡ್ನಿಯ ಕ್ವೇಕರ್ಸ್ ಹಿಲ್ ಮನೆಯ ಹಾಲಿನಲ್ಲೇ ಶಾಸ್ತ್ರ ಆಯಿತು. ಡ್ಯಾನಿ ಮೂರು ಸಲ ಬಗ್ಗಿ ಟೀ ಕೊಟ್ಟ. ಟೀಯಲ್ಲಿ ಹಾಲಿಲ್ಲ, ಸಕ್ಕರೆಯಿಲ್ಲ, ನಮ್ಮವರು ಕಷಾಯ ಕುಡಿದ ಹಾಗೆ ಕಣ್ಣು ಮುಚ್ಚಿ ಕುಡಿದರು. ಬಟ್ಟೆಗೆ ಪಂಚೆ ಶಲ್ಯ ಕೊಟ್ಟೆ. ಬಟ್ಟಲು ಕೊಡಬೇಕಲ್ಲ, ಅಂಗಡಿಯ ಪಿಂಗಾಣಿ ತರಲು ಮನಸ್ಸು ಬರಲಿಲ್ಲ. ಅದರ ಬದಲು ಅತ್ತೆಯ ಕಾಲದ ಸ್ಟೀಲ್ ತಟ್ಟೆಯನ್ನೇ ತಂದಿಟ್ಟೆ. ಎದ್ದುಹೋಗಿದ್ದ ಅದೇ ಅತ್ತೆ. ಮದುವೆ ಮುಂಜಿಗೆ ಎರವಲು ಹೋದ ಪಾತ್ರೆ ಇನ್ನೊಬ್ಬರ ಮನೆ ಸೇರಬಾರದೆಂದು ಅವರು ಒಂದೊಂದರ ಅಂಚಿನಲ್ಲೂ ಚುಕ್ಕೆ ಚುಕ್ಕೆಯಾಗಿ 'ಚಿಕ್ಕತಿಮ್ಮನಹಳ್ಳಿ' ಎಂದು ಪೂರ್ತಿ ಹಾಕಿಸಿದ್ದರು. ಬ್ಯಾಡ್ಜಿನಲ್ಲಿ ಹಿಡಿಯದ್ದು ತಟ್ಟೆಯಲ್ಲಿ ಹಿಡಿದಿತ್ತು.

ಅಜ್ಜಿ ತಟ್ಟೆಯನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದರು. "ಇದೇನಾ ಮನೆತನ? ಇಷ್ಟುದ್ದ?"

"ಹೂಂ ಅಜ್ಜಿ. ಪಾತ್ರೆ ಎಲ್ಲಿಗೇ ಹೋದ್ರೂ ಯಾರ ಮನೇದು ಅಂತ ಗೊತ್ತಾಗ್ಲಿ ಅಂತ."

ಅಜ್ಜಿ ತಲೆಯಾಡಿಸಿ ತಟ್ಟೆಯನ್ನು ಡ್ಯಾನಿಯ ಕೈಗಿಟ್ಟರು. ಮರುದಿನ ನಾನು ಲೈಬ್ರರಿಗೆ ಹೋಗಿ ಮರದಿಂದ ಅವನ ಎಲೆಯನ್ನು ಬಿಡಿಸಿದೆ. ಕಾಲಿನ್ ಏಣಿ ಹಿಡಿದುಕೊಂಡ. 'ನಾವೆಲ್ಲ ಒಂದೇ ಮನೆ' ಎಂಬುದನ್ನು ಮಾರ್ಗರೆಟ್ ತಾನೇ ಹತ್ತಿ ಕಿತ್ತಳು. ವಿಭೂತಿಯ ಮುದುಕನನ್ನು ಮಾತ್ರ ಬಿಟ್ಟಳು, ಪಾಪ, ಅವನೇನು ಮಾಡಿದ ಎಂದು.

ಮದುವೆಗೆ ವಾರವಿರುವಾಗ ಅಜ್ಜಿ ಫೋನ್ ಮಾಡಿ ನಮ್ಮ ಹೆಸರನ್ನು ನಿಧಾನವಾಗಿ ಹೇಳು ಎಂದರು. ಹೇಳಿದೆ. ಇನ್ನೊಮ್ಮೆ ಎಂದರು. ಹೇಳಿದೆ. ಮತ್ತೆ ಮಂಗಳವಾರ, ಮತ್ತೆ ಗುರುವಾರ. ಪ್ರಿಂಟಿಗೆ ಕೊಡಲು ಇರಬೇಕು ಎಂದುಕೊಂಡು, ಒಲೆಯ ಮೇಲೆ ಹುಳಿ ಕುದಿಯುತ್ತಿದ್ದರೂ ಹೇಳಿದೆ.

ಮದುವೆ ಮೆಲ್ಬೋರ್ನ್‌ನ ಒಂದು ದೊಡ್ಡ ರೆಸ್ಟೋರೆಂಟಿನಲ್ಲಿ. ಸಿಡ್ನಿಯಿಂದ ಅಜ್ಜಿ ಬಂದರು, ಎಲ್ಲರಿಗಿಂತ ಮೊದಲು ಬಂದು ಮುಂದಿನ ಮೇಜಿನಲ್ಲಿ ಕೂತರು. ಅಜ್ಜಿಯನ್ನು ನೋಡಿ ಗ್ರೇಸ್ ಬಾಗಿಲಲ್ಲೇ ಅತ್ತು, ಕಣ್ಣಿನ ಕಪ್ಪೆಲ್ಲ ಕೆನ್ನೆಗೆ ಬಂತು. ನಾವು ಗಂಡಿನ ಕಡೆಯವರು, ಡ್ಯಾನಿಯ ಅಪ್ಪನ ಪಕ್ಕದಲ್ಲಿ. ನಮ್ಮವರು ಜರಿಪೇಟ ಸುತ್ತಿದ್ದರು. ವೇದಿಕೆಯ ಮೇಲೆ ಕಪ್ಪು ಕೋಟಿನ ನಿರೂಪಕ ಹುಡುಗ ಮೈಕ್ ಹಿಡಿದು ಗಂಡನ್ನು ಕರೆಯಲು ಕಾರ್ಡ್ ಎತ್ತಿದ. "ಡ್ಯಾನಿ... ಚಿಕ್... ಚಿಕಾ..." ಎಂದ. ನಕ್ಕ. ಮತ್ತೆ "ಚಿಕಾಟಿ..." ಎಂದ. ಜನ ನಕ್ಕರು. ನನಗೆ ಇದು ಹೊಸದೇನಲ್ಲ, ತಲೆ ತಗ್ಗಿಸಿ ಕರವಸ್ತ್ರ ಹುಡುಕಿದೆ.

ಅಜ್ಜಿ ಎದ್ದರು. ಕೋಲೂರಿಕೊಂಡು ವೇದಿಕೆಗೆ ಹೋಗಿ ಮೈಕ್ ಕಿತ್ತುಕೊಂಡರು.

"ಚಿಕ್ಕ," ಎಂದರು. ಉಸಿರು ತೆಗೆದುಕೊಂಡರು. "ತಿಮ್ಮನ. ಹಳ್ಳಿ."

ಒಂದಕ್ಷರ ತಪ್ಪಲಿಲ್ಲ. "ನನ್ನ ಬೀಗರ ಮನೆ. ಹುಡುಗ ಅಲ್ಲಿಂದ ಬಂದಿದಾನೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಮೈಕನ್ನು ಆ ಹುಡುಗನ ಕೈಗೆ ತುರುಕಿ ಬಂದು ಕೂತರು. ಡ್ಯಾನಿ ಪಂಚೆ ಎತ್ತಿಕೊಂಡು ಓಡಿಬಂದ. ನಮ್ಮವರು ಪೇಟದ ತುದಿಯಲ್ಲಿ ಕಣ್ಣೊರೆಸಿಕೊಂಡು, "ಆ ಊರನ್ನ ಒಂದ್ಸಲ ನೋಡ್ಬೇಕು ಕಣೇ" ಎಂದರು.

ಆಗ ನೋಡಲಾಗಲಿಲ್ಲ. ನನ್ನ ನಿವೃತ್ತಿ, ಮನೆ ಬದಲಾವಣೆ, ಒಂದಲ್ಲ ಒಂದು. ಈ ಡಿಸೆಂಬರಿಗೆ ಟಿಕೆಟ್ ಬುಕ್ ಮಾಡಿದ್ದೇವೆ. ನಾವಿಬ್ಬರು, ಗ್ರೇಸ್, ಡ್ಯಾನಿ. ಅಜ್ಜಿ ಡಾಕ್ಟರ ಹತ್ತಿರ ಜಗಳವಾಡಿ ಚೀಟಿ ತಂದಿದ್ದಾರೆ, ಬೀಗರ ಊರು ನೋಡದೆ ಸಾಯುವುದಿಲ್ಲವಂತೆ. ಅಲ್ಲಿ ನಮ್ಮವರು ಎಂದು ಯಾರೂ ಇಲ್ಲ. ಅಶ್ವತ್ಥಕಟ್ಟೆಯೋ ಬಸ್ ಸ್ಟಾಪೋ, ಏನಿದೆಯೋ ಗೊತ್ತಿಲ್ಲ. ಇಳಿದ ತಕ್ಷಣ ಯಾರಾದರೂ ಡ್ಯಾನಿಯ ಮುಖವನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ಯಾರ ಪೈಕಿ?" ಎಂದು ಕೇಳಿಯೇ ಕೇಳುತ್ತಾರೆ. ಮೇಘನಾ, ಕೇಳಿಸ್ಕೋ, ಆಗ ನಾನು ಯಾವ ದಾಖಲೆಯನ್ನೂ ಹುಡುಕುವುದಿಲ್ಲ. "ನಮ್ಮ ಪೈಕಿ" ಎನ್ನುತ್ತೇನೆ.